ರಾಯ 'ಪಟಕೆ' ಬಂದ ದಿನ: ಆಡಾಸಿಟಿ ಜೊತೆ ಎಂಟು ತಿಂಗಳು

ಮೊದಲ ದಿನ ನಲವತ್ತು ನಿಮಿಷ ಓದಿದೆ. ಹೊಸ ಮೈಕಿನ ಮುಂದೆ ಬೆನ್ನು ನೇರ ಮಾಡಿ ಕೂತು, ಗಂಟಲು ಸರಿಮಾಡಿಕೊಂಡು, ಇತಿಹಾಸದ ಒಂದು ಪೂರ್ತಿ ಅಧ್ಯಾಯ. ಕೇಳಿ ನೋಡಿದರೆ ನನ್ನ ದನಿ ಬಾವಿಯೊಳಗಿಂದ ಬಂದ ಹಾಗಿದೆ. ಜೊತೆಗೆ ಲ್ಯಾಪ್‌ಟಾಪಿನ ಫ್ಯಾನು ಉಸ್ ಅಂತ ಉದ್ದಕ್ಕೂ ನಿಟ್ಟುಸಿರು ಬಿಡುತ್ತಿದೆ. ಆಮೇಲೆ ಗೊತ್ತಾಯ್ತು, ನಾನು ಓದಿದ್ದು ಆ ಮೈಕಿಗೆ ಅಲ್ಲವೇ ಅಲ್ಲ. ಲ್ಯಾಪ್‌ಟಾಪಿನ ಒಳಗೇ ಒಂದು ಚಿಕ್ಕ ಮೈಕ್ ಇರುತ್ತಲ್ಲ, ಅದಕ್ಕೆ. ಯಾವ ಮೈಕ್ ಬೇಕು ಅಂತ, ದನಿ ರೆಕಾರ್ಡ್ ಮಾಡಿ ತಿದ್ದುವ ಆಡಾಸಿಟಿ ಅನ್ನುವ ಸಾಫ್ಟ್‌ವೇರಿಗೆ ನಾನೇ ಹೇಳಬೇಕಿತ್ತು. ಹೇಳಿರಲಿಲ್ಲ.

ಅವತ್ತಿನಿಂದ ಒಂದು ಶಾಸ್ತ್ರ ಮಾಡಿಕೊಂಡಿದ್ದೇನೆ. ಮೊದಲು ಹತ್ತು ಸೆಕೆಂಡ್ ಸುಮ್ನೆ ರೆಕಾರ್ಡ್ ಮಾಡಿ, ಉಗುರಿನಿಂದ ಮೈಕಿನ ತಲೆ ಮೇಲೆ ಟಕ್ ಟಕ್ ಅಂತ ತಟ್ಟುತ್ತೇನೆ. ಪರದೆಯ ಮೇಲಿನ ಮೀಟರು ಎಗರಿ ಬಿದ್ದರೆ ಸರಿಯಾದ ಮೈಕ್. ಏನೂ ಆಗದಿದ್ದರೆ ಆಡಿಯೊ ಸೆಟಪ್ ಅನ್ನುವ ಬಟನ್ ಒತ್ತಿ, ರೆಕಾರ್ಡಿಂಗ್ ಡಿವೈಸ್ ಬದಲಿಸುತ್ತೇನೆ. ಈ ಒಂದು ವಿಷಯ ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಒಂದು ಬೆಳಗಿನ ಜಾವ ಉಳಿಯುತ್ತಿತ್ತು.

ನಾನು ಅರಸೀಕೆರೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ವಯಸ್ಸು ಐವತ್ತೊಂದು. ಕಂಪ್ಯೂಟರ್ ಅಂದರೆ ನನಗೆ ಟ್ಯಾಲಿ, ಎಕ್ಸೆಲ್ ಮತ್ತು ನುಡಿ. ಹಾಡು ಬರುವುದಿಲ್ಲ, ಯೂಟ್ಯೂಬ್ ಚಾನೆಲ್ ಮಾಡುವ ಆಸೆಯೂ ಇಲ್ಲ. ನಮ್ಮ ಬೀದಿಯಲ್ಲಿ ದ್ವಿತೀಯ ಪಿಯುಸಿ ಓದುವ ಒಂದು ಹುಡುಗಿ ಇದ್ದಾಳೆ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಅವಳ ಅಮ್ಮ ದಿನಾ ಸಂಜೆ ಪಾಠ ಓದಿ ಹೇಳುತ್ತಿದ್ದರು. ಒಂದು ದಿನ ಕರಿಬೇವು ಕೇಳಲು ಅವರ ಮನೆಗೆ ಹೋದರೆ, ಆ ತಾಯಿಗೆ ದನಿ ಬಿದ್ದು ಹೋಗಿ ಪಿಸುಮಾತಿನಲ್ಲಿ ಓದುತ್ತಾ ಕೂತಿದ್ದರು. "ಒಂದು ಸಲ ಓದಿ ಇಟ್ಟುಬಿಟ್ಟರೆ ಬೇಕಾದಾಗ ಕೇಳಬಹುದಲ್ವಾ" ಅಂದೆ. ಅಂದವಳೇ ಮಾಡಬೇಕಾಯ್ತು.

ಮೊದಲು ತೀರ್ಪು ಹೇಳಿಬಿಡುತ್ತೇನೆ. ಒಬ್ಬರು ಕೂತು ಮಾತಾಡುವುದನ್ನೋ ಓದುವುದನ್ನೋ ರೆಕಾರ್ಡ್ ಮಾಡಿ, ತಪ್ಪು ಕತ್ತರಿಸಿ, ಸ್ವಚ್ಛ ಮಾಡಿ, ಫೈಲ್ ಮಾಡಿ ಕೊಡಬೇಕು ಅಂದರೆ ಆಡಾಸಿಟಿ ಸಾಕು. ಸಾಕು ಅನ್ನುವುದಕ್ಕಿಂತ ಜಾಸ್ತಿಯೇ ಇದೆ. ಬಿಟ್ಟಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನನ್ನ ಮಗ ಕಾಲೇಜಿಗೆ ಒಯ್ದು ಸವೆಸಿದ ಹಳೇ ಲ್ಯಾಪ್‌ಟಾಪಿನಲ್ಲೂ ಮುಗ್ಗರಿಸದೆ ಓಡುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ನೋಡಲು ಮಾತ್ರ ಚೆನ್ನಾಗಿಲ್ಲ. ತೆರೆದರೆ ಹಳೇ ಕಾಲದ ಬ್ಯಾಂಕಿನ ಕೌಂಟರ್ ನೋಡಿದ ಹಾಗಾಗುತ್ತದೆ, ಎಲ್ಲಿ ನೋಡಿದರೂ ಬಟನ್.

ಅದಕ್ಕೆ ಕಾರಣವೂ ಇದೆ. ಇದು ಇವತ್ತು ನಿನ್ನೆಯದಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಾಝೋನಿ ಮತ್ತು ರಾಜರ್ ಡ್ಯಾನೆನ್‌ಬರ್ಗ್ ಅನ್ನುವವರು 1999ರಲ್ಲಿ ಶುರು ಮಾಡಿದ್ದು, 2000ದಲ್ಲಿ ಜನರ ಕೈಗೆ ಬಂತು. ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. 2021ರಲ್ಲಿ ಮ್ಯೂಸ್ ಗ್ರೂಪ್ ಇದನ್ನು ವಹಿಸಿಕೊಂಡಿತು. ಬಳಸುವವರ ಮಾಹಿತಿ ಕಲೆಹಾಕುವ ಮಾತು ಆಗ ಎದ್ದು ದೊಡ್ಡ ಗಲಾಟೆಯಾಗಿ, ಆ ಯೋಜನೆಯನ್ನು ಕೈಬಿಟ್ಟರು. ಇದೆಲ್ಲ ನನ್ನ ಮಗ ಹೇಳಿದ್ದು. ನನಗೆ ಬೇಕಾಗಿದ್ದು ಕೆಂಪು ಬಟನ್ ಎಲ್ಲಿದೆ ಅನ್ನುವುದಷ್ಟೇ.

ಕೆಂಪು ಬಟನ್‌ಗೆ ಮೊದಲು ಮೈಕಿನ ಸಂಕಟ. ಬೆಂಗಳೂರಿನ ಒಂದು ಅಂಗಡಿಯಲ್ಲಿ "ಸ್ಟುಡಿಯೊ ಕಿಟ್" ಅಂತ ಒಂದು ಪೆಟ್ಟಿಗೆ ಹಿಡಿಸಿದರು. ಬಂಗಾರದ ಬಣ್ಣದ ಜಾಲರಿ, ಮಡಚುವ ತೋಳು, ಸ್ಪಂಜಿನ ಟೋಪಿ, ಎಲ್ಲ ಇತ್ತು. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ದನಿ ಇರುವೆಯಷ್ಟು, ಸುಯ್ ಅನ್ನುವ ಸದ್ದು ಆನೆಯಷ್ಟು. ಅದು ಕಂಡೆನ್ಸರ್ ಮೈಕ್. ಅದರಲ್ಲಿ ಬಹಳಷ್ಟಕ್ಕೆ 48 ವೋಲ್ಟ್ ವಿದ್ಯುತ್ ಬೇಕು, ಫ್ಯಾಂಟಮ್ ಪವರ್ ಅನ್ನುತ್ತಾರೆ. ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ಅಷ್ಟು ಬರುವುದಿಲ್ಲ. ಕೊಡುವ ಪೆಟ್ಟಿಗೆ ಬೇರೆ ಕೊಳ್ಳಬೇಕು. ಅಂಗಡಿಯವನು ಅದನ್ನು ಹೇಳಲಿಲ್ಲ, ವಾಪಸ್ ತೆಗೆದುಕೊಳ್ಳಲೂ ಇಲ್ಲ. ಆ ಮೈಕ್ ಈಗ ನಮ್ಮ ಮನೆಯಲ್ಲಿ ಗೊಂಬೆ ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತದೆ. ಪಟ್ಟದ ಗೊಂಬೆಗಳ ಮುಂದೆ ಭಾಷಣದ ವೇದಿಕೆ.

ಆಮೇಲೆ ಕೊಂಡಿದ್ದು ನೇರ ಯುಎಸ್‌ಬಿಗೆ ಸಿಕ್ಕಿಸುವ ಮೈಕ್. ಬೇರೆ ಪೆಟ್ಟಿಗೆ ಬೇಡ, ತಂತಿ ಒಂದೇ. ಹೊಸಬರಿಗೆ ಇದೇ ಸರಿ ಅನ್ನುವುದು ನನ್ನ ಅನುಭವ. ಮೇಜಿನ ಮೇಲೆ ಅಕ್ಕಿ ಡಬ್ಬ, ಡಬ್ಬದ ಮೇಲೆ ನಾಲ್ಕು ಮಡಿಕೆ ಮಾಡಿದ ಟವೆಲ್, ಟವೆಲ್ ಮೇಲೆ ಮೈಕ್. ಟವೆಲ್ ಇಲ್ಲದಿದ್ದರೆ ಮೇಜಿಗೆ ಮೊಣಕೈ ತಾಗಿದಾಗೆಲ್ಲ ಗುಡುಗಿದ ಹಾಗೆ ಕೇಳುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು. ಇಂಚು ಸೆಂಟಿಮೀಟರ್ ಲೆಕ್ಕ ಬೇಡ, ದಿನಾ ಕೈ ಚಾಚಿ ಗೇಣು ಹಾಕಿ ನೋಡಿದರೆ ದಿನಾ ಒಂದೇ ದನಿ ಬರುತ್ತದೆ. ಇದು ಎಷ್ಟು ಮುಖ್ಯ ಅಂತ ಮೂರನೇ ಅಧ್ಯಾಯಕ್ಕೆ ಗೊತ್ತಾಯ್ತು. ಸೋಮವಾರ ಓದಿದ್ದು ಕಿವಿಯ ಪಕ್ಕ, ಮಂಗಳವಾರ ಓದಿದ್ದು ಜಗಲಿಯಲ್ಲಿ ನಿಂತು ಕೂಗಿದ ಹಾಗೆ. ಅದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡುವುದಿಲ್ಲ.

ಕೋಣೆಯದು ಇನ್ನೊಂದು ಕತೆ. ನಮ್ಮದು ಸಿಮೆಂಟ್ ಗೋಡೆ, ಗ್ರಾನೈಟ್ ನೆಲ. ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅದಕ್ಕೆ ಆಡಾಸಿಟಿಯಲ್ಲಿ ಮದ್ದು ಹುಡುಕಿ ಹುಡುಕಿ ಸಾಕಾಯ್ತು. ಮದ್ದು ಅಟ್ಟದ ಮೇಲಿತ್ತು. ಚಳ್ಳಕೆರೆಯ ಕಡೆಯಿಂದ ತಂದಿದ್ದ ಕುರಿ ಕಂಬಳಿ ಎರಡು. ಒಂದನ್ನು ನನ್ನ ಎದುರಿನ ಗೋಡೆಗೆ ನೇತುಹಾಕಿದೆ, ಇನ್ನೊಂದನ್ನು ಬೆನ್ನ ಹಿಂದೆ. ಬೀರುವಿನ ಬಾಗಿಲು ತೆರೆದು ಸೀರೆಗಳ ಮುಖ ನನ್ನ ಕಡೆ ತಿರುಗಿಸಿದೆ. ಕೋಣೆಯ ಟಣ್ ಟಣ್ ಅರ್ಧಕ್ಕರ್ಧ ಹೋಯ್ತು. ನಮ್ಮ ಯಜಮಾನರು ಕಾಫಿ ತಂದುಕೊಟ್ಟು, ಕಂಬಳಿ ಸೀರೆಗಳ ನಡುವೆ ಕೂತ ನನ್ನನ್ನು ನೋಡಿ, "ದೇವರು ಬರ್ಸ್ಕೊಂಡಿದ್ದೀಯಾ?" ಅಂತ ಕೇಳಿ ಹೋದರು.

ಇನ್ನು ಸಾಫ್ಟ್‌ವೇರ್.

ಕಲಿಯಲು ಹೋದಾಗ ಸಿಕ್ಕ ವಿಡಿಯೋಗಳಲ್ಲಿ ಅರ್ಧ ಹಳೆಯವು. ಎರಡು ಬಾಣದ ಗುರುತಿನ ಟೂಲ್ ಒತ್ತಿ ತುಂಡನ್ನು ಪಕ್ಕಕ್ಕೆ ಎಳೆಯಿರಿ ಅನ್ನುತ್ತಾರೆ. ನನ್ನ ಪರದೆಯಲ್ಲಿ ಆ ಗುರುತೇ ಇಲ್ಲ. ನನ್ನ ಕನ್ನಡಕದ ತಪ್ಪು ಅಂತ ಒಂದು ಗಂಟೆ ಹುಡುಕಿದೆ. 3.1ನೇ ಆವೃತ್ತಿಯಿಂದ ಆ ಟೂಲನ್ನೇ ತೆಗೆದಿದ್ದಾರೆ. ಈಗ ಪ್ರತಿ ತುಂಡಿಗೂ ತಲೆಯ ಮೇಲೆ ಒಂದು ಪಟ್ಟಿ ಇರುತ್ತದೆ, ಅದನ್ನು ಹಿಡಿದು ಎಳೆದರೆ ಆಯ್ತು. ತುಂಡಿನ ಅಂಚನ್ನು ಹಿಡಿದು ಒಳಗೆ ತಳ್ಳಿದರೆ ಅಷ್ಟು ಭಾಗ ಮರೆಯಾಗುತ್ತದೆ, ಹೊರಗೆ ಎಳೆದರೆ ಮತ್ತೆ ಬರುತ್ತದೆ. ಸೀರೆಯ ನೆರಿಗೆ ಮಡಿಸಿ ಬಿಚ್ಚಿದ ಹಾಗೆ. ಅದಕ್ಕೆ ವಿಡಿಯೋ ನೋಡುವ ಮೊದಲು ಯಾವ ವರ್ಷದ್ದು ಅಂತ ನೋಡಿ. 2021ಕ್ಕಿಂತ ಹಿಂದಿನದಾದರೆ ಬಿಟ್ಟುಬಿಡಿ.

ನಾನು ದಿನಾ ಬಳಸುವ ಕೀಲಿಗಳು ನಾಲ್ಕೈದು ಅಷ್ಟೇ. ಆರ್ ಒತ್ತಿದರೆ ರೆಕಾರ್ಡ್, ಸ್ಪೇಸ್ ಒತ್ತಿದರೆ ನಿಲ್ಲುತ್ತದೆ. ಮತ್ತೆ ಆರ್ ಒತ್ತಿದರೆ ನಿಂತ ಕಡೆಯ ತುದಿಗೇ ಮುಂದುವರಿಯುತ್ತದೆ. ಕಂಟ್ರೋಲ್ ಝಡ್ ಗೊತ್ತೇ ಇದೆ, ಅದಿಲ್ಲದೆ ನಾನಿಲ್ಲ. ರೆಕಾರ್ಡ್ ಮಾಡುವಾಗ ಮೀಟರಿನಲ್ಲಿ ದನಿಯ ಎತ್ತರ ಮೈನಸ್ 12 ಡೆಸಿಬೆಲ್ (ದನಿಯ ಜೋರಿನ ಅಳತೆ) ಆಸುಪಾಸು ಆಡುತ್ತಿರಬೇಕು, ಜೋರಾದಾಗ ಮೈನಸ್ 6. ಸೊನ್ನೆ ಮುಟ್ಟಿತು ಅಂದರೆ ದನಿ ಒಡೆಯಿತು ಅಂತ ಲೆಕ್ಕ. ಒಡೆದ ದನಿಯೂ ಸೀದ ಅನ್ನವೂ ಒಂದೇ, ಆಮೇಲೆ ಏನು ಬೆರೆಸಿದರೂ ವಾಸನೆ ಹೋಗುವುದಿಲ್ಲ.

ಮೊನೊ ಅಂತ ಆರಿಸಿಕೊಳ್ಳಿ, ಸ್ಟೀರಿಯೊ ಬೇಡ. ಇರುವುದು ಒಂದೇ ಬಾಯಿ, ಒಂದೇ ಮೈಕ್. ಸ್ಟೀರಿಯೊ ಇಟ್ಟರೆ ಫೈಲು ಸುಮ್ನೆ ಎರಡು ಪಟ್ಟಾಗುತ್ತದೆ.

ತಪ್ಪಾದಾಗ ಏನು ಮಾಡಬೇಕು ಅನ್ನುವುದೇ ಈ ಕೆಲಸದ ಮುಕ್ಕಾಲು ಪಾಲು. ಮೊದಮೊದಲು ಒಂದು ಪದ ತಪ್ಪಿದರೆ ನಿಲ್ಲಿಸಿ, ಅಳಿಸಿ, ಮತ್ತೆ ಶುರು ಮಾಡುತ್ತಿದ್ದೆ. ಒಂದು ಪುಟಕ್ಕೆ ಅರ್ಧ ಗಂಟೆ. ಈಗ ನಿಲ್ಲಿಸುವುದೇ ಇಲ್ಲ. ತಪ್ಪಿದ ಕೂಡಲೇ ಮೈಕಿನ ಮುಂದೆ ಚಿಟಿಕೆ ಹೊಡೆಯುತ್ತೇನೆ, ಒಂದು ಉಸಿರು ಬಿಟ್ಟು ಆ ವಾಕ್ಯವನ್ನು ಮೊದಲಿಂದ ಓದುತ್ತೇನೆ. ದನಿಯ ಚಿತ್ರದಲ್ಲಿ ಚಿಟಿಕೆ ಕಡ್ಡಿ ನೆಟ್ಟ ಹಾಗೆ ಕಾಣುತ್ತದೆ. ಸಂಜೆ ಕೂತು ಕಡ್ಡಿ ಕಂಡಲ್ಲೆಲ್ಲ ಅದರ ಹಿಂದಿನ ತಪ್ಪು ವಾಕ್ಯ ಕತ್ತರಿಸುವುದು, ಅಷ್ಟೇ. ನಮ್ಮದು ಜಂಕ್ಷನ್ ಊರು, ಹುಬ್ಬಳ್ಳಿ ಕಡೆಯ ರೈಲೂ ಉಂಟು, ಹಾಸನ ಮೈಸೂರಿನ ಕಡೆಯದೂ ಉಂಟು. ಹಾರನ್ ಕೇಳಿದಾಗಲೂ ಅದೇ ಚಿಟಿಕೆ. ರೈಲು ಹೋಗುವ ತನಕ ಸುಮ್ಮನಿದ್ದು ಮತ್ತೆ ಓದುತ್ತೇನೆ.

ಪುಸ್ತಕ ಓದುವವರಿಗೇ ಅಂತ ಪಂಚ್ ಆಂಡ್ ರೋಲ್ ಅನ್ನುವ ಒಂದು ಸೌಕರ್ಯವೂ ಇದೆ. ತಪ್ಪಿದ ಜಾಗಕ್ಕೆ ಕರ್ಸರ್ ಇಟ್ಟು ಶಿಫ್ಟ್ ಡಿ ಒತ್ತಿದರೆ, ಅದಕ್ಕೆ ಮೊದಲಿನ ಐದು ಸೆಕೆಂಡ್ ನಿಮ್ಮದೇ ದನಿ ಕೇಳಿಸಿ, ಸರಿಯಾಗಿ ಆ ಜಾಗದಿಂದ ಹೊಸ ರೆಕಾರ್ಡಿಂಗ್ ಶುರುವಾಗುತ್ತದೆ. ಹಿಂದಿನ ವಾಕ್ಯದ ಏರಿಳಿತ ಕಿವಿಯಲ್ಲಿರುವುದರಿಂದ ಹೊಸದು ಅದಕ್ಕೇ ಹೊಂದಿಕೊಳ್ಳುತ್ತದೆ. ನುರಿತವರಿಗೆ ಇದೇ ಒಳ್ಳೆಯದು. ನನಗೆ ಒಂದು ಕೈಲಿ ಪುಸ್ತಕ, ಒಂದು ಕೈಲಿ ಮೌಸ್ ಆಗಿ ಎಡವಟ್ಟಾಗುತ್ತದೆ. ಚಿಟಿಕೆಯೇ ವಾಸಿ.

ಈಗ ನಾಯ್ಸ್ ರಿಡಕ್ಷನ್, ಅಂದರೆ ಹಿನ್ನೆಲೆಯ ಗಲಾಟೆ ತಗ್ಗಿಸುವುದು. ಎಲ್ಲ ಹೊಸಬರೂ ಬೀಳುವ ಗುಂಡಿ ಇದು, ನಾನೂ ಬಿದ್ದೆ. ಕೆಲಸ ಎರಡು ಹೆಜ್ಜೆಯದು. ಮಾತಿಲ್ಲದ, ಬರೀ ಕೋಣೆಯ ಸದ್ದಿರುವ ಒಂದೆರಡು ಸೆಕೆಂಡನ್ನು ಆರಿಸಿ, ಇದೇ ಗಲಾಟೆಯ ಗುರುತು ಅಂತ ತೋರಿಸಬೇಕು. ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿದ ತಕ್ಷಣ ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ. ಏನೂ ಆಗಲಿಲ್ಲ ಅನಿಸುತ್ತದೆ. ಆಗಿದೆ. ಈಗ ಇಡೀ ಅಧ್ಯಾಯ ಆರಿಸಿ, ಅದೇ ಪೆಟ್ಟಿಗೆಯನ್ನು ಮತ್ತೊಮ್ಮೆ ತೆರೆದು, ಓಕೆ ಒತ್ತಬೇಕು. ಈ ಎರಡನೇ ಸಲ ಅನ್ನುವುದು ತಿಳಿಯದೆ ಒಂದು ವಾರ ಗೆಟ್ ನಾಯ್ಸ್ ಪ್ರೊಫೈಲ್ ಮಾತ್ರ ಒತ್ತುತ್ತಾ, ಹೋ ಎಷ್ಟು ಸ್ವಚ್ಛ ಆಯ್ತು ಅಂತ ಖುಷಿಪಟ್ಟೆ.

ತಿಳಿದ ಮೇಲೆ ದುರಾಸೆ. ಗಲಾಟೆ ಎಷ್ಟು ತಗ್ಗಿಸಬೇಕು ಅನ್ನುವ ಅಂಕಿ 6 ಡೆಸಿಬೆಲ್ ಇದ್ದದ್ದನ್ನು 30ಕ್ಕೆ ಏರಿಸಿದೆ. ಕೋಣೆಯ ಫ್ಯಾನಿನ ಸದ್ದು ಪೂರ್ತಿ ಹೋಯ್ತು, ಜೊತೆಗೆ ನಾನೂ ಹೋದೆ. ಸ, ಶ, ಷ ಮೂರೂ ನೀರಿನಲ್ಲಿ ಗುಳುಗುಳು ಅಂದವು. ತಾಮ್ರದ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ. ಈಗ 9 ದಾಟುವುದಿಲ್ಲ. ಅದಕ್ಕಿಂತ ದೊಡ್ಡ ಉಪಾಯ ಆ ಫ್ಯಾನನ್ನೇ ಆಫ್ ಮಾಡುವುದು. ನಗಬೇಡಿ, ಅದು ಹೊಳೆಯಲು ನನಗೆ ಹದಿನೈದು ದಿನ ಬೇಕಾಯ್ತು.

ಇನ್ನೊಂದು ಸದ್ದು ಎಷ್ಟು ಮಾಡಿದರೂ ಹೋಗುತ್ತಿರಲಿಲ್ಲ, ದುಂಬಿ ಗುಂಯ್‌ಗುಡುವ ಹಾಗೆ. ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಅಂತ ಇದೆ, ಯಾವ ಸದ್ದು ಎಷ್ಟಿದೆ ಅಂತ ಗುಡ್ಡಬೆಟ್ಟದ ಚಿತ್ರ ಬರೆದು ತೋರಿಸುತ್ತದೆ. ನೋಡಿದರೆ 50 ಹರ್ಟ್ಸ್ ಹತ್ತಿರ ಒಂದು ಗೋಪುರ, 100ರ ಹತ್ತಿರ ಇನ್ನೊಂದು. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದಲ್ಲ, ಅದೇ ಇದು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದೆ. ದುಂಬಿ ಹಾರಿಹೋಯ್ತು.

ಇಷ್ಟರಲ್ಲಿ ಮೊದಲ ಮೂರು ಅಧ್ಯಾಯ ಹುಡುಗಿಗೆ ತಲುಪಿದ್ದವು. ತಲುಪಿಸಿದ್ದರಲ್ಲೂ ಒಂದು ಪ್ರಹಸನ ಆಗಿತ್ತು. ಸೇವ್ ಮಾಡಿದರೆ ಹಾಡಿನ ಫೈಲ್ ಆಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ. ಸೇವ್ ಮಾಡಿದಾಗ ಸಿಗುವುದು ಎಯುಪಿ3 ಅನ್ನುವ ಪ್ರಾಜೆಕ್ಟ್ ಫೈಲು, ಅದು ಆಡಾಸಿಟಿಗೆ ಮಾತ್ರ ಅರ್ಥವಾಗುವ ಗಂಟು. ನಲವತ್ತು ನಿಮಿಷದ ಮೊನೊ ಅಧ್ಯಾಯ ಸುಮಾರು 420 ಎಂಬಿ. ಸಂಖ್ಯೆಗೆ ತಕ್ಕ ಹಾಗೆ ಮೋಸವೂ ಮಾಡಿತು: ಒಂದು ಗಂಟೆ ವಾಟ್ಸಾಪಿನಲ್ಲಿ ಏರಿ ಅವಳ ಫೋನಿಗೆ ಇಳಿದು, ತೆರೆಯಲೇ ಇಲ್ಲ. ಕೇಳಲು ಬೇಕಾದ ಫೈಲಿಗೆ ಎಕ್ಸ್‌ಪೋರ್ಟ್ ಮಾಡಬೇಕು. ಎಂಪಿ3, ಮೊನೊ, 64 ಕೆಬಿಪಿಎಸ್ ಅಂತ ಕೊಟ್ಟರೆ ಅದೇ ಅಧ್ಯಾಯ 20 ಎಂಬಿ ಒಳಗೆ ಕೂರುತ್ತದೆ. ಬರೀ ಮಾತಿಗೆ ಅಷ್ಟು ಸಾಕು. ಎಯುಪಿ3ಯನ್ನು ಮಾತ್ರ ಅಳಿಸಬೇಡಿ, ಮುಂದೆ ತಿದ್ದಲು ಬೇಕು.

ಅವಳ ಮೊದಲ ದೂರು ನಾನು ಊಹಿಸದೇ ಇದ್ದದ್ದು. "ಆಂಟಿ, ಮಧ್ಯೆ ಮಧ್ಯೆ ಫೋನ್ ಹ್ಯಾಂಗ್ ಆಗ್ತಿದೆ." ಫೋನ್ ಸರಿಯಾಗಿಯೇ ಇತ್ತು. ಕೆಮ್ಮು, ಕುಕ್ಕರ್ ವಿಷಲ್ ಬಂದ ಜಾಗಗಳನ್ನು ನಾನು ಸೈಲೆನ್ಸ್ ಮಾಡಿದ್ದೆ. ಅಲ್ಲಿ ಪೂರ್ತಿ ಸೊನ್ನೆ. ಉಳಿದ ಕಡೆ ಕೋಣೆಯ ಉಸಿರು ತೆಳ್ಳಗೆ ಇರುತ್ತದೆ, ಇಲ್ಲಿ ಅದೂ ಇಲ್ಲ. ಕಣ್ಣಿರುವ ನಾವು ಪರದೆಯಲ್ಲಿ ಗೆರೆ ಓಡುವುದನ್ನು ನೋಡಿ ನಡೀತಾ ಇದೆ ಅಂದುಕೊಳ್ಳುತ್ತೇವೆ. ಅವಳಿಗೆ ಇರುವುದು ಕಿವಿ ಒಂದೇ, ಸೊನ್ನೆ ಅಂದರೆ ಫೋನ್ ಸತ್ತಂತೆ. ಅಂದಿನಿಂದ ಪ್ರತಿ ರೆಕಾರ್ಡಿಂಗಿನ ಮೊದಲು ಐದು ಸೆಕೆಂಡ್ ಏನೂ ಮಾತಾಡದೆ ಕೂರುತ್ತೇನೆ. ಆ ಖಾಲಿ ಕೋಣೆಯ ಸದ್ದನ್ನೇ ಕಾಪಿ ಮಾಡಿ ಕೆಮ್ಮಿದ ಕಡೆ ಅಂಟಿಸುತ್ತೇನೆ. ನಾಯ್ಸ್ ಪ್ರೊಫೈಲಿಗೂ ಅದೇ ಐದು ಸೆಕೆಂಡ್ ಆಗುತ್ತದೆ.

ಎರಡನೇ ದೂರು ಬಂದಿದ್ದು ವಿಜಯನಗರದ ಅಧ್ಯಾಯಕ್ಕೆ. ಅದರ ಹೊತ್ತಿಗೆ ನಾನು ಸ್ವಲ್ಪ ಜಂಬದವಳಾಗಿದ್ದೆ. ಟ್ರಂಕೇಟ್ ಸೈಲೆನ್ಸ್ ಅನ್ನುವ ಎಫೆಕ್ಟ್ ಸಿಕ್ಕಿತ್ತು. ಮಾತಿನ ನಡುವೆ ಎಲ್ಲೆಲ್ಲಿ ಉದ್ದ ಮೌನ ಇದೆಯೋ ಅದನ್ನೆಲ್ಲ ತಾನೇ ಹುಡುಕಿ ಚಿಕ್ಕದು ಮಾಡುತ್ತದೆ. ಎಷ್ಟು ಉದ್ದದ ಮೌನ ಹಿಡಿಯಬೇಕು ಅನ್ನುವುದಕ್ಕೆ ಮೊದಲಿಗೆ ಇದ್ದದ್ದು ಅರ್ಧ ಸೆಕೆಂಡ್. ನಾನು ಅದನ್ನು 0.1 ಮಾಡಿ, 0.05ಕ್ಕೆ ಇಳಿಸು ಅಂದೆ. ನಲವತ್ತು ನಿಮಿಷದ್ದು ಒಂದೇ ಏಟಿಗೆ ಎಷ್ಟೋ ಚಿಕ್ಕದಾಯ್ತು. ಕೇಳಿ ನೋಡುವ ತಾಳ್ಮೆ ಇಲ್ಲ, ಕಳಿಸಿಬಿಟ್ಟೆ.

ಸಂಜೆ ಫೋನ್. "ಆಂಟಿ, ಕೃಷ್ಣದೇವರಾಯ 1509ರಲ್ಲಿ ಪಟಕೆ ಬಂದ ಅಂತಿದೆ. ಗಾಳಿಪಟನಾ?"

ಪುಸ್ತಕ ತೆಗೆದು ನೋಡಿದೆ. ಪಟ್ಟಕ್ಕೆ ಬಂದ. ನಾನು ಓದಿದ್ದೂ ಪಟ್ಟಕ್ಕೆ ಅಂತಲೇ, ಆಣೆ ಮಾಡಿ ಹೇಳುತ್ತೇನೆ. ಮೂಲ ರೆಕಾರ್ಡಿಂಗ್ ತೆರೆದು ಆ ಪದದ ಮೇಲೆ ದನಿಯ ಚಿತ್ರವನ್ನು ದೊಡ್ಡದು ಮಾಡುತ್ತಾ ಹೋದೆ. ಪ ಅನ್ನುವಾಗ ಒಂದು ಗೊಂಚಲು. ಆಮೇಲೆ ಸಪಾಟು ಗೆರೆ, ಏನೂ ಇಲ್ಲ. ಆಮೇಲೆ ಟ ಸಿಡಿದು ಇನ್ನೊಂದು ಗೊಂಚಲು. ಮತ್ತೆ ಸಪಾಟು. ಮತ್ತೆ ಕೆ. ಮೇಲಿನ ಅಳತೆಪಟ್ಟಿ ಹಿಡಿದು ನೋಡಿದರೆ ಟ್ಟ ಮುಂದಿನ ಸಪಾಟು ಗೆರೆ ಸುಮಾರು 0.18 ಸೆಕೆಂಡ್. ಬೇಕಂತಲೇ "ಪಟ" ಅಂತ ಹೇಳಿ ರೆಕಾರ್ಡ್ ಮಾಡಿ ನೋಡಿದೆ. ಅಲ್ಲಿ ಸಪಾಟು ಅದರ ಅರ್ಧವೂ ಇಲ್ಲ.

ಐವತ್ತೊಂದು ವರ್ಷ ಕನ್ನಡ ಮಾತಾಡಿದ್ದೇನೆ. ಒತ್ತಕ್ಷರ ಅಂದರೆ ಅಕ್ಷರವನ್ನು ಒತ್ತಿ, ಜೋರಾಗಿ ಹೇಳುವುದು ಅಂದುಕೊಂಡಿದ್ದೆ. ಚಿತ್ರದಲ್ಲಿ ನೋಡಿದರೆ ಅಲ್ಲಿ ಜೋರೇನೂ ಇಲ್ಲ. ನಾಲಿಗೆ ಮುಚ್ಚಿಕೊಂಡು ಒಂದು ಗಳಿಗೆ ಜಾಸ್ತಿ ಕಾಯುವುದು, ಅಷ್ಟೇ. ಆ ಕಾಯುವಿಕೆಯೇ ಒತ್ತು. ನಾನು 0.1 ಸೆಕೆಂಡಿಗಿಂತ ಉದ್ದದ ಮೌನವನ್ನೆಲ್ಲ ಕತ್ತರಿಸು ಅಂದಿದ್ದೆ, ಅದು ಹೇಳಿದಷ್ಟು ಮಾಡಿತು. ಪುಸ್ತಕದ ತುಂಬಾ ಹತ್ತು ಹತು ಆಗಿತ್ತು, ಮುತ್ತಿಗೆ ಮುತಿಗೆ ಆಗಿತ್ತು, ಕಪ್ಪಕಾಣಿಕೆ ಕಪಕಾಣಿಕೆ ಆಗಿತ್ತು. ಕತ್ತೆ ಇದ್ದಿದ್ದರೆ ಕತೆ ಆಗುತ್ತಿತ್ತು, ಇತಿಹಾಸದ ಪುಸ್ತಕದಲ್ಲಿ ಅದೂ ನಡೆದುಹೋಗುತ್ತಿತ್ತೇನೋ.

ಅದರ ಇನ್ನೊಂದು ಅಂಕಿಯನ್ನೂ ನಾನು ಗಮನಿಸಿರಲಿಲ್ಲ. ಎಷ್ಟು ಮೆತ್ತಗಿದ್ದರೆ ಮೌನ ಅಂತ ಲೆಕ್ಕ ಹಿಡಿಯಬೇಕು ಅನ್ನುವ ಅಂಕಿ ಅದು. ಮೊದಲಿಗೆ ಮೈನಸ್ 20 ಇರುತ್ತದೆ. ನನ್ನಂಥ ಮೆಲುದನಿಯವರಿಗೆ ಅದು ತೀರಾ ಜಾಸ್ತಿ. ವಾಕ್ಯದ ಕೊನೆಯಲ್ಲಿ ಇಳಿದುಹೋಗುವ "ಇತ್ತು", "ಬಂದನು" ಎಲ್ಲದರ ಬಾಲವನ್ನೂ ಮೌನ ಅಂತ ತಿಳಿದು ತಿಂದುಬಿಡುತ್ತದೆ. ಈಗ ಮೈನಸ್ 45 ಇಟ್ಟು, ಒಂದು ಸೆಕೆಂಡಿಗಿಂತ ಉದ್ದದ್ದನ್ನು ಮಾತ್ರ ಮುಕ್ಕಾಲು ಸೆಕೆಂಡಿಗೆ ಇಳಿಸುತ್ತೇನೆ. ಒತ್ತಕ್ಷರದ ತಂಟೆಗೆ ಹೋಗುವುದಿಲ್ಲ. ಇಂಗ್ಲಿಷ್ ವಿಡಿಯೋ ನೋಡಿ ಅವರ ಅಂಕಿಗಳನ್ನು ಹಾಗೇ ಹಾಕುವ ಕನ್ನಡದವರು ಇದನ್ನು ದಯವಿಟ್ಟು ನೆನಪಿಡಿ.

ಮಹಾಪ್ರಾಣದ ಕತೆ ಚಿಕ್ಕದು. ಬೀದಿಯಲ್ಲಿ ನಾವು ಬಾರತ ಅಂತಲೇ ಅನ್ನುವುದು. ಮೈಕ್ ಮುಂದೆ ಕೂತ ಮೇಲೆ ಮೇಷ್ಟ್ರ ಮಗಳಲ್ವಾ ನಾನು, ಭಾರತ, ಭಕ್ತಿ ಅಂತ ಎದೆಯಿಂದ ಉಸಿರು ತಂದು ಹೇಳಿದೆ. ಪ್ರತಿ ಭಗೂ ಯಾರೋ ಬಾಗಿಲು ದಬ್ಬಿದ ಹಾಗೆ ಧಬ್ ಅಂತಿತ್ತು. ಬಾಯಿಂದ ಬರುವ ಗಾಳಿ ನೇರ ಮೈಕಿಗೆ ಬಡಿಯುವುದು. ಕಸೂತಿ ರಿಂಗಿಗೆ ಹಳೇ ನೈಲಾನ್ ಕಾಲುಚೀಲ ಬಿಗಿದು ನಡುವೆ ನಿಲ್ಲಿಸಿದೆ. ಮುಖವನ್ನು ಒಂಚೂರು ಓರೆ ಮಾಡಿ ಓದಿದೆ. ಉಳಿದ ಗುಡುಗಿಗೆ ಹೈಪಾಸ್ ಫಿಲ್ಟರ್, 80 ಹರ್ಟ್ಸ್ ಕೆಳಗಿನ ಸದ್ದನ್ನು ತಗ್ಗಿಸುವ ಜರಡಿ. ಹೆಣ್ಣುದನಿಯಲ್ಲಿ ಅದರ ಕೆಳಗೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ಎಲ್ಲ ಮುಗಿದ ಮೇಲೆ ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್. ಸೋಮವಾರದ್ದೂ ಶನಿವಾರದ್ದೂ ಕಿವಿಗೆ ಒಂದೇ ಮಟ್ಟದಲ್ಲಿ ಬೀಳುವ ಹಾಗೆ ಮಾಡುತ್ತದೆ. ಮೈನಸ್ 19 ಎಲ್‌ಯುಎಫ್‌ಎಸ್ (ಒಟ್ಟಾರೆ ಕಿವಿಗೆ ಎಷ್ಟು ಜೋರು ಅನ್ನುವ ಅಳತೆ) ಅಂತ ಕೊಡುತ್ತೇನೆ, ಮಾತಿನ ಮೊನೊ ಫೈಲುಗಳಿಗೆ ಹೆಚ್ಚಿನವರು ಇಡುವುದು ಅದನ್ನೇ.

ನನಗೆ ಈ ಸಾಫ್ಟ್‌ವೇರಿನ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ಒಂದು ಮಳೆಯ ಬೆಳಗ್ಗೆ. ಚಾರ್ಜರ್ ಹಾಕದೆ ಓದುತ್ತಿದ್ದೆ, ಹಳೇ ಬ್ಯಾಟರಿ ಹೇಳದೆ ಕೇಳದೆ ಕೈಕೊಟ್ಟಿತು. ಇಪ್ಪತ್ತೈದು ನಿಮಿಷ ಓದಿದ್ದೆ, ಒಂದು ಸಲವೂ ಸೇವ್ ಮಾಡಿರಲಿಲ್ಲ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮತ್ತೆ ಚಾಲೂ ಮಾಡಿ ಆಡಾಸಿಟಿ ತೆರೆದರೆ, ನಿಮ್ಮದೊಂದು ಪ್ರಾಜೆಕ್ಟ್ ಅರ್ಧಕ್ಕೆ ನಿಂತಿದೆ, ವಾಪಸ್ ತರಲಾ ಅಂತ ಕೇಳಿತು. ತಂದೂ ಕೊಟ್ಟಿತು. ಕೊನೆಯ ವಾಕ್ಯ ಮಾತ್ರ ಅರ್ಧಕ್ಕೆ ನಿಂತಿತ್ತು. ನಮ್ಮ ಆಫೀಸಿನ ಲೆಕ್ಕದ ಸಾಫ್ಟ್‌ವೇರಿಗೆ ಈ ಬುದ್ಧಿ ಇದ್ದಿದ್ದರೆ ಎಷ್ಟೋ ಮಾರ್ಚ್ ತಿಂಗಳುಗಳು ಸುಖವಾಗಿ ಕಳೆಯುತ್ತಿದ್ದವು.

ಇನ್ನೊಂದು ಇಷ್ಟವಾದದ್ದು ಲೇಬಲ್. ಅಧ್ಯಾಯದ ಒಳಗೆ ಪ್ರತಿ ಉಪಶೀರ್ಷಿಕೆ ಶುರುವಾಗುವ ಕಡೆ ಕಂಟ್ರೋಲ್ ಬಿ ಒತ್ತಿ ಒಂದು ಚೀಟಿ ಅಂಟಿಸಬಹುದು. ಎಕ್ಸ್‌ಪೋರ್ಟ್ ಮಾಡುವಾಗ ಚೀಟಿಗಳ ಪ್ರಕಾರ ತುಂಡು ಮಾಡು ಅಂದರೆ, ಚೀಟಿಯ ಹೆಸರಿನಲ್ಲೇ ಬೇರೆ ಬೇರೆ ಫೈಲ್ ಮಾಡಿಕೊಡುತ್ತದೆ. ಹೆಸರಿನ ಮುಂದೆ 01, 02 ಅಂತ ಹಾಕಿ, ಇಲ್ಲದಿದ್ದರೆ ಫೋನಿನಲ್ಲಿ ಕ್ರಮ ತಪ್ಪುತ್ತದೆ. ಹುಡುಗಿಗೆ ಇದರಿಂದ ಬಹಳ ಅನುಕೂಲ ಆಯ್ತು. ನಲವತ್ತು ನಿಮಿಷದಲ್ಲಿ ತೆರಿಗೆ ಪದ್ಧತಿ ಎಲ್ಲಿದೆ ಅಂತ ತಡಕಾಡಬೇಕಿಲ್ಲ, 07 ಒತ್ತಿದರೆ ಅದೇ. ಅವಳು ಕೇಳುವುದು ಎರಡು ಪಟ್ಟು ವೇಗದಲ್ಲಿ ಅಂತ ಆಮೇಲೆ ತಿಳಿಯಿತು. ನಾನು ಅಷ್ಟು ನಾಜೂಕಾಗಿ ಅಂಟಿಸಿದ ಖಾಲಿ ಕೋಣೆಯ ಸದ್ದೆಲ್ಲ ಅವಳ ಕಿವಿಯಲ್ಲಿ ಸರಕ್ಕಂತ ಹೋಗುತ್ತಿತ್ತು. "ಹಂಗಾದ್ರೂ ಗೊತ್ತಾಗುತ್ತೆ ಆಂಟಿ" ಅಂದಳು.

ಮಗನ ಒತ್ತಾಯಕ್ಕೆ ರೀಪರ್ ಅನ್ನುವುದನ್ನೂ ಹಾಕಿ ನೋಡಿದೆ. 60 ದಿನ ಬಿಟ್ಟಿ ಪರೀಕ್ಷೆ, ಆಮೇಲೆ ಮನೆ ಬಳಕೆಗೆ 60 ಡಾಲರ್. ತಬಲಾ ಒಂದು ಕಡೆ, ಹಾರ್ಮೋನಿಯಂ ಒಂದು ಕಡೆ, ಹಾಡು ಒಂದು ಕಡೆ ರೆಕಾರ್ಡ್ ಮಾಡಿ ಹದವಾಗಿ ಬೆರೆಸುವವರಿಗೆ ಅದು ಬೇಕು. ಮದುವೆಮನೆಯ ಅಡುಗೆ ಭಟ್ಟರ ಒಲೆ ಅದು. ನಾನು ಮಾಡುವುದು ಇಬ್ಬರಿಗೆ ಉಪ್ಪಿಟ್ಟು. ಮರುದಿನವೇ ವಾಪಸ್ ಬಂದೆ. ಫೋನಿನಲ್ಲೇ ಎಲ್ಲ ಮಾಡಬೇಕು ಅನ್ನುವವರಿಗೂ ಆಡಾಸಿಟಿ ಅಲ್ಲ, ಅದು ಫೋನಿಗೆ ಬರುವುದಿಲ್ಲ. ಇಳಿಸಿಕೊಳ್ಳುವಾಗ ಆಡಾಸಿಟಿಟೀಮ್ ಡಾಟ್ ಆರ್ಗ್ ಅನ್ನುವ ಅದರ ಸ್ವಂತ ಜಾಗದಿಂದಲೇ ಇಳಿಸಿಕೊಳ್ಳಿ. ದುಡ್ಡು ಕೇಳಿದರೆ ನೀವು ತಪ್ಪು ಬಾಗಿಲು ತಟ್ಟಿದ್ದೀರಿ ಅಂತ ಅರ್ಥ.

ಯೂಟ್ಯೂಬಿಗೆ ಹಾಕಿ, ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ ಅಂತ ಆಫೀಸಿನಲ್ಲಿ ಹೇಳುತ್ತಾರೆ. ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ದನಿಗೆ ತರಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಊರಿಗೆಲ್ಲ ಹಂಚುವುದು ಬೇರೆ ಮಾತು. ನಾನು ಅವಳಿಗೆ ಕೊಡುತ್ತೇನೆ, ಅವಳು ತನ್ನಂಥ ಗೆಳತಿಯರಿಗೆ ಕೊಡುತ್ತಾಳೆ. ಸದ್ಯಕ್ಕೆ ಅಷ್ಟು.

ಇತಿಹಾಸ ಮುಗಿದು ಈಗ ಅರ್ಥಶಾಸ್ತ್ರ ನಡೆಯುತ್ತಿದೆ. ಅದರಲ್ಲಿ ಬೇಡಿಕೆ ಪೂರೈಕೆಯ ರೇಖಾಚಿತ್ರಗಳಿವೆ. ಮೊದಲನೆಯದನ್ನು ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯುವ ಗೆರೆ ಅಂತ ಓದಿ ಕಳಿಸಿದೆ. "ಎಷ್ಟು ಓರೆ ಆಂಟಿ, ನಮ್ಮ ಮನೆ ಮಹಡಿ ಮೆಟ್ಟಿಲಷ್ಟಾ?" ಅಂತ ಕೇಳಿದಳು. ನಾಳೆ ಬೆಳಗ್ಗೆ ನಾಲ್ಕೂವರೆಗೆ ಎದ್ದು ಅದನ್ನು ಮತ್ತೆ ರೆಕಾರ್ಡ್ ಮಾಡಬೇಕು. ಅದಕ್ಕೆ ಮೊದಲು ಅವರ ಮನೆ ಮೆಟ್ಟಿಲು ನೋಡಿಕೊಂಡು ಬರಬೇಕು.